ಊರಲ್ಲಿ ಮನೆ, ಪುಣೆಯಲ್ಲಿ ಮಾಲೀಕ: ಬಾಡಿಗೆದಾರ ಬಿಡದಿದ್ದಾಗ

ರನ್ನ ಬೆಳಗಲಿ, ಮುಧೋಳ, ಜಮಖಂಡಿ, ಬೀಳಗಿ, ರಬಕವಿ–ಬನಹಟ್ಟಿ ಕಡೆಯ ಎಷ್ಟೋ ಮನೆಗಳ ಮಾಲೀಕರು ಪುಣೆ, ಮುಂಬೈ, ಬೆಂಗಳೂರಿನಲ್ಲಿದ್ದಾರೆ. ಕೆಲವರು ಸೈನ್ಯದಲ್ಲಿ, ಕೆಲವರು ಹೊರದೇಶದಲ್ಲಿ. ಬಾಡಿಗೆ ನಿಂತಾಗ, ಇಲ್ಲವೇ ‘ಮುಂದಿನ ತಿಂಗಳು ಬಿಡ್ತೇವ್ರಿ’ ಎಂಬ ಮಾತು ವರ್ಷ ದಾಟಿದಾಗ, ಇಂಥ ಮಾಲೀಕರು ಮೊದಲು ಫೋನಿನಲ್ಲಿ ಜಗಳವಾಡುತ್ತಾರೆ, ಆಮೇಲೆ ಊರಲ್ಲಿರುವ ತಮ್ಮನಿಗೆ ಹೇಳಿ ಬೀಗ ಹಾಕಿಸುತ್ತಾರೆ. ಎರಡರಿಂದಲೂ ಲಾಭ ಬಾಡಿಗೆದಾರನಿಗೇ.

ಬೀಗ ಹಾಕಿಸುವುದಂತೂ ಕೈಯಾರೆ ಕೇಸು ಕೊಟ್ಟಂತೆ. ಕಾನೂನಿನ ದಾರಿ ಬಿಟ್ಟು ಹೊರಹಾಕಲ್ಪಟ್ಟವನು ಆರು ತಿಂಗಳೊಳಗೆ ದಾವೆ ಹೂಡಿ ಕಬ್ಜಾ ಮರಳಿ ಪಡೆಯಬಹುದು ಎಂದು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಹೇಳುತ್ತದೆ. ಮನೆ ಯಾರದು ಎಂಬ ಪ್ರಶ್ನೆಯೇ ಆ ದಾವೆಯಲ್ಲಿ ಏಳುವುದಿಲ್ಲ. ನೀರು, ಕರೆಂಟು ಕಡಿದರೆ ತಡೆಯಾಜ್ಞೆ ಬರುತ್ತದೆ. ಪೊಲೀಸ್ ಠಾಣೆಯಲ್ಲಿ ‘ಇದು ಸಿವಿಲ್ ವ್ಯಾಜ್ಯ’ ಎಂದು ಕಳಿಸಿದರೆ ಸಿಟ್ಟಾಗಬೇಕಿಲ್ಲ, ಆ ಉತ್ತರ ಸರಿಯಾದದ್ದೇ.

ಯಾವ ಕಾಯ್ದೆ ಅನ್ವಯಿಸುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. 2001ರ ಡಿಸೆಂಬರ್ 31ರಂದು ಜಾರಿಗೆ ಬಂದ ಕರ್ನಾಟಕ ಬಾಡಿಗೆ ಕಾಯ್ದೆ, 1999 ಎಲ್ಲ ಮನೆಗಳಿಗೂ ಅನ್ವಯಿಸುವುದಿಲ್ಲ. ಅದರ ಮೊದಲ ಅನುಸೂಚಿಯ ‘ಎ’ ಭಾಗದ ಊರುಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳು ಅದರಿಂದ ಹೊರಗೆ. 14 ಚದರ ಮೀಟರ್‌ಗಿಂತ ದೊಡ್ಡ ಅಂಗಡಿಗಳೂ ಹೊರಗೆ. ಇವಕ್ಕೆಲ್ಲ 1882ರ ಸ್ವತ್ತು ವರ್ಗಾವಣೆ ಕಾಯ್ದೆಯೇ ಆಧಾರ, ಮುಂದಿನ ಹೆಜ್ಜೆಗಳು ಅದರಂತೆಯೇ. ಬಾಡಿಗೆ ಮಿತಿಯೊಳಗಿದ್ದರೆ ಊರು ಅನುಸೂಚಿಯಲ್ಲಿದೆಯೇ ಎಂದು ವಕೀಲರಿಂದ ಖಚಿತಪಡಿಸಿಕೊಳ್ಳಬೇಕು. 2021ರ ಮಾದರಿ ಬಾಡಿಗೆ ಕಾಯ್ದೆಯನ್ನು ಮುಂದಿಟ್ಟು ವಾದಿಸುವುದು ವ್ಯರ್ಥ. ರಾಜ್ಯವೊಂದು ತನ್ನದೇ ಕಾಯ್ದೆಯಾಗಿ ತರುವವರೆಗೆ ಅದು ಮಾದರಿ ಮಾತ್ರ.

ಹೊಲದ ಲಾವಣಿಯನ್ನು ಇದರೊಂದಿಗೆ ಬೆರೆಸಬಾರದು. 1961ರ ಭೂಸುಧಾರಣಾ ಕಾಯ್ದೆಯ 5ನೇ ಕಲಂ ಸೈನಿಕರಂಥ ಕೆಲವರನ್ನು ಬಿಟ್ಟು ಉಳಿದವರು ಕೃಷಿಭೂಮಿಯನ್ನು ಗೇಣಿಗೆ ಕೊಡುವುದನ್ನೇ ನಿಷೇಧಿಸಿದೆ. ಕಬ್ಬಿನ ಹೊಲ ಲಾವಣಿಗೆ ಹಾಕಿ ಛಾಪಾ ಕಾಗದದಲ್ಲಿ ಬರೆಸಿಟ್ಟವರು, ಆ ಕಾಗದ ಹಿಡಿದು ಎಲ್ಲಿಗಾದರೂ ಹೋಗುವ ಮುನ್ನ ವಕೀಲರಿಗೆ ತೋರಿಸುವುದು ಕ್ಷೇಮ.

ಕಾಗದಪತ್ರ

ಮನೆಯ ಉತಾರ ಯಾರ ಹೆಸರಿನಲ್ಲಿದೆ? ಅನೇಕ ಕಡೆ ತೀರಿಹೋದ ತಂದೆಯ ಹೆಸರೇ ಇರುತ್ತದೆ. ವಾರಸಾ ಆಗಿಲ್ಲವೆಂದ ಮಾತ್ರಕ್ಕೆ ಬಾಡಿಗೆದಾರನ ವಿರುದ್ಧ ದಾವೆ ಹೂಡಲಾಗದು ಎಂದೇನಿಲ್ಲ. ಉಳಿದವರ ವಿರೋಧ ಇಲ್ಲದಿದ್ದರೆ ಒಬ್ಬ ಸಹಮಾಲೀಕನೂ ಹೂಡಬಹುದು. ಆದರೆ ಅಣ್ಣತಮ್ಮಂದಿರಲ್ಲಿ ಒಬ್ಬರು ಬಾಡಿಗೆದಾರನ ಪರ ನಿಂತರೆ ಕೇಸು ಕುಂಟುತ್ತದೆ. ಮನೆಯೊಳಗಿನ ಮಾತನ್ನು ಮೊದಲು ಮುಗಿಸಿಕೊಳ್ಳಬೇಕು. ರನ್ನ ಬೆಳಗಲಿಯಂತೆ ಗ್ರಾಮ ಪಂಚಾಯಿತಿಯಿಂದ ಪಟ್ಟಣ ಪಂಚಾಯಿತಿಯಾದ ಊರುಗಳಲ್ಲಿ ಹಳೆಯ ಉತಾರಕ್ಕೇ ನಿಲ್ಲದೆ ಪಟ್ಟಣ ಪಂಚಾಯಿತಿಯ ಈಗಿನ ಖಾತೆ ನಕಲನ್ನು ತೆಗೆಸಬೇಕು.

ಕರಾರು ಪತ್ರ 11 ತಿಂಗಳದ್ದೇ, ಹೆಚ್ಚಿನದ್ದೇ ಎಂದು ನೋಡಬೇಕು. ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯ. ಛಾಪಾ ಶುಲ್ಕ ಕಡಿಮೆ ಕಟ್ಟಿದ್ದರೆ ಕೋರ್ಟಿನಲ್ಲಿ ಕೊರತೆಯ ಹತ್ತು ಪಟ್ಟು ದಂಡ ತೆತ್ತ ಮೇಲೆಯೇ ಆ ಕಾಗದ ಸಾಕ್ಷ್ಯಕ್ಕೆ ಬರುತ್ತದೆ. ಕರಾರೇ ಇಲ್ಲದಿದ್ದರೂ ಕಂಗೆಡಬೇಕಿಲ್ಲ: ಬ್ಯಾಂಕ್ ಖಾತೆಗೆ ಬಂದ ಬಾಡಿಗೆಯ ವಿವರವೇ ಬಾಡಿಗೆ ಸಂಬಂಧಕ್ಕೆ ಸಾಕ್ಷಿ. ಹೆಸ್ಕಾಂ ಮೀಟರಿನ ಆರ್‌ಆರ್ ನಂಬರ್ ಯಾರ ಹೆಸರಲ್ಲಿದೆ ಎಂದೂ ಗುರುತು ಮಾಡಿಟ್ಟುಕೊಳ್ಳಬೇಕು. ಬಾಕಿ ಬಾಡಿಗೆ ಕೇಳಲು ಇರುವುದು ಮೂರೇ ವರ್ಷದ ಅವಧಿ. ‘12 ವರ್ಷ ಇದ್ದರೆ ಮನೆ ಬಾಡಿಗೆದಾರನದೇ’ ಎಂಬ ಕಟ್ಟೆಯ ಮಾತಿಗೆ ಅಂಜಬೇಕಿಲ್ಲ, ಮಾಲೀಕನ ಒಪ್ಪಿಗೆಯಿಂದ ಒಳಬಂದವನ ವಾಸ ಎದುರು ಸ್ವಾಧೀನ ಆಗುವುದಿಲ್ಲ.

ಊರಲ್ಲಿ ಯಾರು ಓಡಾಡಬೇಕು?

ಮಾಲೀಕ ಪ್ರತಿ ತಾರೀಖಿಗೆ ಬರಲಾರನಾದ್ದರಿಂದ ನಂಬಿಗಸ್ತ ಸಂಬಂಧಿಕರೊಬ್ಬರಿಗೆ ವಟಮುಖತ್ಯಾರ ಪತ್ರ ಬರೆದುಕೊಡಬೇಕು. ಅದರಲ್ಲಿ ನೋಟಿಸು ಕೊಡುವುದು, ದಾವೆ ಹೂಡುವುದು, ಕಬ್ಜಾ ಪಡೆಯುವುದು ಇಷ್ಟನ್ನೇ ಬರೆದರೆ ಸಾಕು. ಮಾರುವ ಅಧಿಕಾರವನ್ನು ಸೇರಿಸುವುದು ಬೇರೆಯೇ ತಲೆನೋವಿಗೆ ಬಾಗಿಲು. ಹೊರದೇಶದಲ್ಲಿರುವವರು ಭಾರತೀಯ ದೂತಾವಾಸದಲ್ಲಿ ಇದನ್ನು ಮಾಡಿಸಿ ಕಳಿಸಬಹುದು. ಪತ್ರ ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಛಾಪಾ ಶುಲ್ಕ ಕಟ್ಟಿಸಬೇಕು.

ಮುಖತ್ಯಾರನಿಗೂ ಮಿತಿಯಿದೆ. ಮಾಲೀಕನಿಗೆ ಮಾತ್ರ ಗೊತ್ತಿರುವ ಸಂಗತಿಗಳ ಬಗ್ಗೆ ಅವನ ಬದಲು ಮುಖತ್ಯಾರ ಸಾಕ್ಷಿ ನುಡಿಯುವಂತಿಲ್ಲ ಎಂದು ಸುಪ್ರೀಂ ಕೋರ್ಟು ಜಾನಕಿ ವಾಶ್‌ದೇವ್ ಭೋಜ್ವಾನಿ ಪ್ರಕರಣದಲ್ಲಿ ಹೇಳಿದೆ. ಹೀಗಾಗಿ ಕರಾರಿನ ಮಾತುಕತೆ ಮಾಡಿದವರೇ, ಬಾಡಿಗೆ ಪಡೆಯುತ್ತಿದ್ದವರೇ ಮುಖತ್ಯಾರರಾದರೆ ಉತ್ತಮ. ಇಲ್ಲವಾದರೆ ಸಾಕ್ಷಿಯ ದಿನ ಮಾಲೀಕನೇ ರೈಲು ಹತ್ತಬೇಕು, ಅಥವಾ ವಿಡಿಯೊ ಮೂಲಕ ಹೇಳಿಕೆಗೆ ಕೋರ್ಟಿನ ಅನುಮತಿ ಕೇಳಬೇಕು.

ನೋಟಿಸು

11 ತಿಂಗಳ ಕರಾರು ಮುಗಿದ ಮೇಲೂ ಬಾಡಿಗೆ ಪಡೆಯುತ್ತ ಬಂದಿದ್ದರೆ ಅದು ತಿಂಗಳಿಂದ ತಿಂಗಳಿನ ಬಾಡಿಗೆಯಾಗುತ್ತದೆ. ಅದನ್ನು ಕೊನೆಗೊಳಿಸಲು ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮಿನಂತೆ 15 ದಿನಗಳ ಲಿಖಿತ ನೋಟಿಸು ಬೇಕು. ಅದರಲ್ಲಿ ಸಹಿ ಇರಬೇಕು. ಮಾಲೀಕನ ಪರವಾಗಿ ವಕೀಲರು ಸಹಿ ಮಾಡಿದರೂ ಸರಿ. ವಾಟ್ಸ್‌ಆ್ಯಪ್ ಸಂದೇಶವನ್ನೇ ನೋಟಿಸು ಎಂದು ನಂಬಿ ಕೂರುವುದು ಅಪಾಯ. ಅಂಚೆಯಲ್ಲೇ ಕಳಿಸಬೇಕು, ರಸೀದಿ ಇಟ್ಟುಕೊಳ್ಳಬೇಕು. ‘ಸ್ವೀಕರಿಸಲು ನಿರಾಕರಣೆ’ ಎಂದು ಲಕೋಟೆ ಮರಳಿ ಬಂದರೆ ಅದನ್ನು ಒಡೆಯದೆ ಹಾಗೆಯೇ ವಕೀಲರಿಗೆ ಕೊಡಬೇಕು.

ನೇಕಾರರ ಊರುಗಳಾದ ರಬಕವಿ–ಬನಹಟ್ಟಿಯಲ್ಲಿ ಇನ್ನೊಂದು ತೊಡಕು. ಮಗ್ಗದ ಶೆಡ್ಡು ಎಂದು ಕೊಟ್ಟ ಜಾಗವಾದರೆ ಉತ್ಪಾದನೆಯ ಉದ್ದೇಶದ ಗುತ್ತಿಗೆಗೆ ಆರು ತಿಂಗಳ ನೋಟಿಸು ಬೇಕೆಂಬ ವಾದ ಎದುರಾಗುತ್ತದೆ. ನೋಂದಣಿಯಿಲ್ಲದ ಗುತ್ತಿಗೆಗೆ 15 ದಿನ ಸಾಕೆಂದು ಸುಪ್ರೀಂ ಕೋರ್ಟು 2001ರಲ್ಲಿ ಹೇಳಿದ್ದರೂ, ಅವಸರವಿಲ್ಲದವರು ಆರು ತಿಂಗಳನ್ನೇ ಕೊಟ್ಟು ವಾದಕ್ಕೆ ಎಡೆಯಿಲ್ಲದಂತೆ ಮಾಡುವುದು ಜಾಣತನ.

ನೋಟಿಸಿನ ನಂತರ ಬರುವ ಹಣ

ದೂರದ ಮಾಲೀಕರು ಹೆಚ್ಚಾಗಿ ಎಡವುವುದು ಇಲ್ಲಿ. ನೋಟಿಸು ತಲುಪುತ್ತದೆ, 15 ದಿನ ಕಳೆಯುತ್ತದೆ. ಎಷ್ಟೋ ತಿಂಗಳಿಂದ ಒಂದು ಪೈಸೆ ಕೊಡದ ಬಾಡಿಗೆದಾರ ಅಷ್ಟರಲ್ಲಿ ಫೋನ್‌ಪೇಯಲ್ಲಿ ಹಣ ಹಾಕುತ್ತಾನೆ. ಜೊತೆಗೆ ‘ಈ ತಿಂಗಳ ಬಾಡಿಗೆ ಹಾಕೇನ್ರಿ ಸಾವಕಾರ್ರ’ ಎಂಬ ಸಂದೇಶ. ಮಾಲೀಕ ಕೈಮುಗಿಯುವ ಚಿತ್ರ ಕಳಿಸಿ ಸುಮ್ಮನಾಗುತ್ತಾನೆ, ಬಂದಷ್ಟು ಬರಲಿ ಎಂದು.

ಸ್ವತ್ತು ವರ್ಗಾವಣೆ ಕಾಯ್ದೆಯ 113ನೇ ಕಲಂ ಇದನ್ನೇ ಉದಾಹರಣೆಯಾಗಿ ಕೊಟ್ಟಿದೆ: ನೋಟಿಸಿನ ಅವಧಿ ಮುಗಿದ ಮೇಲಿನ ದಿನಗಳಿಗೆ ಬಾಡಿಗೆ ಕೊಟ್ಟು, ಮಾಲೀಕ ಅದನ್ನು ಬಾಡಿಗೆಯೆಂದೇ ಸ್ವೀಕರಿಸಿದರೆ ನೋಟಿಸನ್ನು ಬಿಟ್ಟುಕೊಟ್ಟಂತೆ. ಬರೀ ಹಣ ಪಡೆದದ್ದಕ್ಕೇ ನೋಟಿಸು ಸಾಯುವುದಿಲ್ಲ, ಬಾಡಿಗೆ ಸಂಬಂಧ ಮುಂದುವರಿಸುವ ಉದ್ದೇಶ ಮಾಲೀಕನಿಗಿತ್ತೇ ಎಂದು ನೋಡಬೇಕು ಎಂದು 2006ರ ಸರೂಪ್ ಸಿಂಗ್ ಗುಪ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿರುವುದು ಮಾಲೀಕರಿಗೆ ಆಸರೆ. ಆದರೆ ಉದ್ದೇಶವನ್ನು ಅಳೆಯುವುದು ಕಾಗದದಿಂದ. ಕೈಮುಗಿಯುವ ಚಿತ್ರ ಬಾಡಿಗೆದಾರನ ವಕೀಲರ ಕೈಯಲ್ಲಿ ಒಳ್ಳೆಯ ಕಾಗದವೇ.

ಯುಪಿಐ ಹಣ ಮಾಲೀಕನನ್ನು ಕೇಳಿ ಬರುವುದಿಲ್ಲ. ಆದ್ದರಿಂದ ನೋಟಿಸಿನಲ್ಲೇ ಒಂದು ಸಾಲು ಬರೆಸಬೇಕು: ಅವಧಿಯ ನಂತರ ಕಟ್ಟುವ ಯಾವ ಹಣವನ್ನೂ ಬಾಡಿಗೆಯೆಂದು ಒಪ್ಪುವುದಿಲ್ಲ, ಹಕ್ಕುಗಳಿಗೆ ಬಾಧೆಯಿಲ್ಲದಂತೆ, ಅನಧಿಕೃತ ಬಳಕೆಯ ನಷ್ಟಕ್ಕೆ ಜಮೆ ಮಾಡಿಕೊಳ್ಳಲಾಗುತ್ತದೆ ಎಂದು. ಹಣ ಬಂದಾಗಲೆಲ್ಲ ಅಂದೇ ಅದೇ ಮಾತನ್ನು ಬರಹದಲ್ಲಿ ತಿಳಿಸಬೇಕು, ಮೂರು ತಿಂಗಳು ಬಿಟ್ಟು ಅಲ್ಲ. ‘ಬಾಡಿಗೆ ಬಂತು’ ಎಂಬ ಉತ್ತರ ಬೇಡ. ಊರಿನ ತಮ್ಮ ನಗದು ಪಡೆದು ಚೀಟಿ ಬರೆದುಕೊಡುವುದಂತೂ ಬೇಡವೇ ಬೇಡ. ಅವನಿಗೆ ಮೊದಲೇ ತಾಕೀತು ಮಾಡಿರಬೇಕು. ಬಾಡಿಗೆ ಹೆಚ್ಚಿಸಿಕೊಡುತ್ತೇನೆಂದರೂ ಒಪ್ಪಿಗೆ ಕೊಡಬಾರದು. ಕೊಟ್ಟರೆ ಹೊಸ ಬಾಡಿಗೆ ಕರಾರೇ ಹುಟ್ಟಿತೆಂಬ ವಾದ ಕಾದಿರುತ್ತದೆ.

ದಾವೆ, ಕಬ್ಜಾ

ದಾವೆ ಹೂಡುವುದು ಮನೆಯಿರುವ ಕಡೆಯ ಕೋರ್ಟಿನಲ್ಲಿ, ಅಂದರೆ ಬೆಳಗಲಿಯ ಮನೆಗೆ ಮುಧೋಳದಲ್ಲಿ. ಮಾಲೀಕ ಪುಣೆಯಲ್ಲಿದ್ದಾನೆಂದು ಪುಣೆಯಲ್ಲಿ ಆಗದು. ಕೋರ್ಟ್ ಶುಲ್ಕವನ್ನು ಮನೆಯ ಬೆಲೆಯ ಮೇಲಲ್ಲ, ಹಿಂದಿನ ಒಂದು ವರ್ಷದ ಬಾಡಿಗೆಯ ಮೇಲೆ ಲೆಕ್ಕ ಹಾಕುತ್ತಾರೆ. ಶುಲ್ಕಕ್ಕೆ ಹೆದರಿ ವರ್ಷಗಟ್ಟಲೆ ಸುಮ್ಮನಿದ್ದವರಿಗೆ ಇದು ಗೊತ್ತಿರುವುದಿಲ್ಲ. ಕಬ್ಜಾ, ಬಾಕಿ ಬಾಡಿಗೆ, ಮುಂದಿನ ನಷ್ಟ ಮೂರನ್ನೂ ಒಂದೇ ದಾವೆಯಲ್ಲಿ ಕೇಳಬೇಕು. ಪ್ರಕರಣದ 16 ಅಕ್ಷರ–ಅಂಕಿಗಳ ಸಿಎನ್‌ಆರ್ ನಂಬರನ್ನು ವಕೀಲರಿಂದ ಪಡೆದರೆ ಇ–ಕೋರ್ಟ್ಸ್ ಆ್ಯಪ್‌ನಲ್ಲಿ ಪ್ರತಿ ತಾರೀಖಿನ ಬೆಳವಣಿಗೆ ನೋಡಬಹುದು.

ರಾಜಿಗೆ ದಾರಿಯಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯ ಲೋಕ ಅದಾಲತ್ತೇ ಮೇಲು. ದಾವೆಗೆ ಮುಂಚೆಯೂ ಹೋಗಬಹುದು. ಅಲ್ಲಿಯ ತೀರ್ಪಿಗೆ ಡಿಕ್ರಿಯ ಬಲವಿದೆ, ಮೇಲ್ಮನವಿ ಇಲ್ಲ. ಹಳೆಯ ಬಾಕಿ ಸ್ವಲ್ಪ ಬಿಟ್ಟುಕೊಟ್ಟು ಇಂಥ ತಾರೀಖಿಗೆ ಬಿಡುವುದೆಂದು ಅಲ್ಲಿ ಬರೆಸಿಕೊಂಡರೆ ದೂರದವರಿಗೆ ಅದೇ ಅಗ್ಗ.

ಡಿಕ್ರಿಯಾದರೂ ಬಿಡದಿದ್ದರೆ ಅಮಲ್ಜಾರಿ ಅರ್ಜಿ. ಕೋರ್ಟಿನ ಬೇಲಿಫ್ ಬಂದು ಕಬ್ಜಾ ಕೊಡಿಸುತ್ತಾನೆ. ಆ ದಿನ ಪಂಚರ ಸಹಿ, ಮೀಟರ್ ರೀಡಿಂಗ್, ಕೋಣೆಗಳ ಫೋಟೊ, ಹೊಸ ಬೀಗ. ಹೆಸ್ಕಾಂ ಮತ್ತು ನೀರಿನ ಬಾಕಿ ಕಳೆದು ಉಳಿದ ಅಡ್ವಾನ್ಸ್ ಹಣವನ್ನು ಬ್ಯಾಂಕ್ ಮೂಲಕವೇ ಮರಳಿಸಬೇಕು.