ದೂರದ ನದಿಗೆ ಕುಟುಂಬದೊಡನೆ ಹೊರಡುವ ಮುನ್ನ

ಅಮೆರಿಕದ ಐಡಹೊ ರಾಜ್ಯದ ಮಿಡ್ಲ್ ಫೋರ್ಕ್ ಸಾಲ್ಮನ್ ನದಿಯು 1968ರ ಕಾಯ್ದೆಯಡಿ ಮೊದಲಿಗೆ ರಕ್ಷಣೆ ಪಡೆದ ಎಂಟು ನದಿಗಳಲ್ಲಿ ಒಂದಾಗಿದ್ದು, ಸುಮಾರು 160 ಕಿ.ಮೀ. ಉದ್ದದ ಅದರ ಕಣಿವೆಯ ಬಹುಭಾಗಕ್ಕೆ ರಸ್ತೆಯೇ ಇಲ್ಲ. ಅಲ್ಲಿ ಫ್ಲೈ ಫಿಶಿಂಗ್ ನಡೆಸಲು, ಅಂದರೆ ಗರಿ ಮತ್ತು ನೂಲಿನಿಂದ ಕಟ್ಟಿದ ಹುಳುವಿನಾಕಾರದ ಹಗುರ ಆಮಿಷವನ್ನು ದಾರದ ಭಾರದಿಂದಲೇ ಬೀಸಿ ಮೀನು ಹಿಡಿಯಲು, ದೋಣಿಯಲ್ಲಿ ಹೊರಡುವ ಕುಟುಂಬವು ಲಾಟರಿಯ ಮೂಲಕ ಪರವಾನಗಿ ಪಡೆಯಬೇಕು ಇಲ್ಲವೇ ಪರವಾನಗಿಯುಳ್ಳ ಮಾರ್ಗದರ್ಶಕರೊಡನೆ ತೆರಳಬೇಕು.

ಮೇ, ಜೂನ್ ತಿಂಗಳಲ್ಲಿ ಹಿಮ ಕರಗಿ ನದಿ ಉಕ್ಕುವುದರಿಂದ, ಮಕ್ಕಳಿರುವ ಕುಟುಂಬಕ್ಕೆ ನೀರು ಇಳಿದು ತಿಳಿಯಾಗುವ ಜುಲೈ ಮಧ್ಯದ ನಂತರದ ಅವಧಿಯೇ ಸೂಕ್ತ. ಆಗಲೂ ದೋಣಿಯಲ್ಲಿ ಎಲ್ಲರೂ ಲೈಫ್ ಜಾಕೆಟ್ ತೊಟ್ಟಿರಬೇಕು, ಬೀಸುವ ಗಾಳ ತಾಗದಂತೆ ಟೋಪಿ ಮತ್ತು ಕನ್ನಡಕ ಧರಿಸಬೇಕು, ಉಪಗ್ರಹ ಫೋನ್ ಹಾಗೂ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯನ್ನು ಮರೆಯದೆ ಒಯ್ಯಬೇಕು.

ದವಡೆಯ ಕೆಳಗಿನ ಕೆಂಪು ಗೆರೆಯಿಂದ ಗುರುತಿಸಲಾಗುವ ಕಟ್‌ತ್ರೋಟ್ ಟ್ರೌಟ್ ಮೀನನ್ನು ಹಿಡಿದ ಕೂಡಲೇ ನೀರಿಗೆ ಬಿಡುವುದು ಅಲ್ಲಿನ ನಿಯಮವಾದ್ದರಿಂದ, ಸುಲಭವಾಗಿ ಕಳಚುವ ಹಿಮ್ಮುಳ್ಳಿಲ್ಲದ ಗಾಳವನ್ನೇ ಬಳಸಿ, ಮೈಯನ್ನು ಕಾಪಾಡುವ ಲೋಳೆಪದರ ಅಳಿಯದಂತೆ ಕೈ ಒದ್ದೆ ಮಾಡಿಕೊಂಡು ಅದನ್ನು ಬಿಡುವ ಕ್ರಮವನ್ನು ಹಿರಿಯರು ಮಕ್ಕಳಿಗೆ ಮೊದಲ ದಿನವೇ ಕಲಿಸಬೇಕು. ಮೀನು ಹಿಡಿಯುವ ಕೌಶಲದಷ್ಟೇ ಅದನ್ನು ಜೀವಂತವಾಗಿ ಮರಳಿಸುವ ಎಚ್ಚರವೂ ಮುಖ್ಯವೆಂಬುದನ್ನು ಅವರು ಹೀಗೆ ಅರಿಯುತ್ತಾರೆ.