ಫೋಟೊಗೆ ಜಾಗದ ಗುರುತು: ಯಾವ ಸಾಧನ ಸಾಕು?

ಸವಣೂರಿನ ದೊಡ್ಡಹುಣಸೆ ಕಲ್ಮಠದ ಆವರಣದಲ್ಲಿ ಮೂರು ಭಾರೀ ಮರಗಳು ಹೆಸರುವಾಸಿ. ಹೆಸರಲ್ಲಿ ಹುಣಸೆ ಇದ್ದರೂ ಇವು ಆಫ್ರಿಕಾ ಮೂಲದ ಬಾವೋಬಾಬ್. 2023ರ ಮಳೆಗಾಲದಲ್ಲಿ ಒಂದು ಬುಡಸಮೇತ ಉರುಳಿತು, ಅದನ್ನು ಮತ್ತೆ ಎತ್ತಿ ನೆಟ್ಟರು. ಬಿದ್ದ ಮರ ಮೊದಲು ಹೇಗಿತ್ತು ಅಂತ ಹಳೇ ಫೋಟೊಗಳಲ್ಲಿ ಹುಡುಕಿದರೆ, ಫೋಟೊದಲ್ಲಿರೋದು ಮೂರರಲ್ಲಿ ಯಾವುದು ಅನ್ನೋದೇ ಮೊದಲ ಪ್ರಶ್ನೆ. ಇಂಥ ಕಡೆ ಜಿಯೋಟ್ಯಾಗಿಂಗ್ ಬೇಕು. ಅಂದರೆ ಫೋಟೊ ಫೈಲಿನೊಳಗೇ ಅಕ್ಷಾಂಶ, ರೇಖಾಂಶ ಬರೆದಿಡೋದು.

ಸಾಧನ ಆರಿಸುವ ಮೊದಲು ಒಂದು ಲೆಕ್ಕ ಮಾಡಿ: ಬೇರೆ ಬೇರೆಯಾಗಿ ಗುರುತಿಸಬೇಕಾದ ಎರಡು ವಸ್ತುಗಳ ನಡುವೆ ಎಷ್ಟು ದೂರ ಇದೆ? ಸಾಧನದ ದೋಷ ಅದರ ಅರ್ಧಕ್ಕಿಂತ ಕಡಿಮೆ ಇರಬೇಕು.

ಫೋನ್: ಬಯಲಲ್ಲಿ ದೋಷ ಸುಮಾರು 5 ಮೀಟರ್. ಮರದ ಕೆಳಗೆ, ಗೋಡೆ ಪಕ್ಕದಲ್ಲಿ ಇನ್ನೂ ಜಾಸ್ತಿ. ಇಂಟರ್ನೆಟ್ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತೆ, ಆದರೆ ಮೊದಲ ಸಲ ಜಾಗ ಹಿಡಿಯೋಕೆ ಸ್ವಲ್ಪ ಕಾಯಬೇಕು. ಮ್ಯಾಪ್‌ನಲ್ಲಿ ನೀಲಿ ವೃತ್ತ ಚಿಕ್ಕದಾದ ಮೇಲೆ ಕ್ಲಿಕ್ ಮಾಡಿ.

ಕ್ಯಾಮೆರಾ ಮತ್ತು ಲಾಗರ್: ನಾವು ನಡೆದ ದಾರಿಯನ್ನು ಫೋನಿನ ಆಪ್ ದಾಖಲಿಸುತ್ತೆ. ಆಮೇಲೆ ಸಮಯ ಹೊಂದಿಸಿ ಫೋಟೊಗಳಿಗೆ ಜಾಗ ಸೇರಿಸಬೇಕು. ಕ್ಯಾಮೆರಾ ಗಡಿಯಾರ 1 ನಿಮಿಷ ತಪ್ಪಿದರೆ, ಗಂಟೆಗೆ 5 ಕಿ.ಮೀ. ನಡೆಯುವವನ ಫೋಟೊ 80 ಮೀಟರ್‌ಗಿಂತ ಹೆಚ್ಚು ಆಚೆ ಹೋಗುತ್ತೆ! ಲಾಗ್‌ನಲ್ಲಿ ಸಾಮಾನ್ಯವಾಗಿ ಯುಟಿಸಿ ಸಮಯ ಇರುತ್ತೆ, ನಮ್ಮದು ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ.

ಕೈಯಲ್ಲಿ ಹಿಡಿಯೋ ಜಿಪಿಎಸ್: ನಿಖರತೆ ಹೆಚ್ಚುಕಡಿಮೆ ಫೋನಿನಷ್ಟೇ. ಮಳೆ ತಡೆಯುತ್ತೆ, ತುಂಬಾ ಮಾದರಿಗಳಲ್ಲಿ ಸೆಲ್ ಬದಲಿಸಬಹುದು. ದಿನಗಟ್ಟಲೆ ಹೊರಗಿದ್ದರೆ ಮಾತ್ರ ಇದಕ್ಕೆ ದುಡ್ಡು ಹಾಕಿ.

ಆರ್‌ಟಿಕೆ: ಸೆಂಟಿಮೀಟರ್ ಮಟ್ಟದ ನಿಖರತೆ, ಬೆಲೆಯೂ ಹಾಗೇ. ಹೊಲದ ಗಡಿ ಅಳೆಯೋಕೆ ಸರಿ, ಮರ ಗುರುತಿಸೋಕೆ ಬೇಕಿಲ್ಲ.

ಇನ್ನೊಂದು ಮಾತು. ಫೈಲಿನಲ್ಲಿ ಸೇರೋದು ನಾವು ನಿಂತ ಜಾಗ, ಮರ ಇರೋ ಜಾಗ ಅಲ್ಲ. ಇಷ್ಟು ದಪ್ಪ ಮರ ಪೂರ್ತಿ ಫ್ರೇಮಿಗೆ ಬರಬೇಕಾದರೆ ದೂರ ನಿಲ್ಲಲೇಬೇಕು. ಹಾಗಾಗಿ ಫೋನಿನ ದಿಕ್ಸೂಚಿ ನೋಡಿ ದಿಕ್ಕನ್ನೂ, ಅಂದಾಜು ದೂರವನ್ನೂ ಬರೆದಿಡಿ. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಜಾಗದ ಮಾಹಿತಿ ಅಳಿಸಿ ಹೋಗುತ್ತೆ, ಡಾಕ್ಯುಮೆಂಟ್ ಆಗಿ ಕಳಿಸಿ.

ಒಟ್ಟಿನಲ್ಲಿ ಇಂಥ ಕೆಲಸಕ್ಕೆ ಜೇಬಿನಲ್ಲಿರೋ ಫೋನ್, ಒಂದು ಪವರ್ ಬ್ಯಾಂಕ್, ಒಂದು ನೋಟ್‌ಬುಕ್ ಸಾಕು. ನಿಮ್ಮೂರಿನ ಹಳೇ ಮರಗಳನ್ನು ಅವು ನಿಂತಿರುವಾಗಲೇ ದಾಖಲಿಸಿ.