ಏಳು ಇಪ್ಪತ್ತೈದಕ್ಕೆ ರೇಡಿಯೊ ಮುಂದೆ

ನಮ್ಮ ಮನೆ ಇರುವುದು ಸಾಗರದ ಕಡೆಯ ಒಂದು ತಗ್ಗಿನಲ್ಲಿ. ಸುತ್ತ ಗುಡ್ಡ, ನಡುವೆ ಅಡಿಕೆ ತೋಟ. ಎಫ್‌ಎಂ ಆ ಗುಡ್ಡ ದಾಟಿ ಬರುವುದಿಲ್ಲ. ಶಾರ್ಟ್‌ವೇವ್‌ಗೆ ಗುಡ್ಡದ ಹಂಗಿಲ್ಲ, ಅದು ಆಕಾಶಕ್ಕೆ ತಾಗಿ ನೇರ ಅಂಗಳಕ್ಕೇ ಇಳಿಯುತ್ತದೆ. ಅಪ್ಪಯ್ಯ ರೇಡಿಯೊ ಹಾಕುತ್ತಿದ್ದದ್ದು ಸಿಲೋನ್ ನಿಲಯ ಕೇಳಲು. ನನಗೆ ಹಿಡಿದದ್ದು ದೂರದೇಶಗಳ ಹುಚ್ಚು. ಮುಳ್ಳನ್ನು ಆ ತುದಿಯಿಂದ ಈ ತುದಿಗೆ ಓಡಿಸುತ್ತಿದ್ದೆ. “ಒಂದು ಕಡೆ ನಿಲ್ಸಿ ಕೇಳಾ, ಮಾಣಿ” ಎನ್ನುತ್ತಿದ್ದರು ಅಪ್ಪಯ್ಯ. ಆ ಮಾತಿನ ಬೆಲೆ ತಿಳಿಯಲು ನನಗೆ ಹತ್ತಾರು ವರ್ಷ ಬೇಕಾಯಿತು.

ನಿಲಯಗಳು ಸಾಮಾನ್ಯವಾಗಿ ತಮ್ಮ ಹೆಸರು ಹೇಳುವುದು ಪ್ರಸಾರ ಶುರುವಾಗುವಾಗ, ಇಲ್ಲವೇ ಮುಗಿಯುವಾಗ. ಅವುಗಳ ವೇಳಾಪಟ್ಟಿ ಇರುವುದು ಯುಟಿಸಿ ಎಂಬ ಜಾಗತಿಕ ಸಮಯದ ಲೆಕ್ಕದಲ್ಲಿ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಹಾಗಾಗಿ ಅವರಿಗೆ ಸರಿಯಾಗಿ ಗಂಟೆ ಹೊಡೆಯುವಾಗ ನಮಗೆ ಅರ್ಧ ಗಂಟೆ. ಇದು ಹೊಳೆದ ಮೇಲೆ ನಾನು ಏಳು ಇಪ್ಪತ್ತೈದಕ್ಕೇ ಒಂದು ಕಡೆ ಮುಳ್ಳು ನಿಲ್ಲಿಸಿ ಕೂರತೊಡಗಿದೆ. ಮಾತಿನ ಭಾಷೆ ತಿಳಿಯದಿದ್ದರೂ ಆರಂಭದ ಧ್ವನಿಯೇ ಊರಿನ ಗುರುತು ಹೇಳುತ್ತಿತ್ತು. ಜರ್ಮನಿಯ ಡಾಯ್ಚ ವೆಲ್ಲೆಗೆ ಬೀಥೋವನ್‌ನ ‘ಫಿಡೆಲಿಯೊ’ದ ತುಣುಕು, ರೇಡಿಯೊ ಆಸ್ಟ್ರೇಲಿಯಾಕ್ಕೆ ‘ವಾಲ್ಟ್ಸಿಂಗ್ ಮಟಿಲ್ಡಾ’. ನಮ್ಮ ಆಕಾಶವಾಣಿಯ ಮುಂಜಾನೆಯ ಆ ರಾಗವನ್ನು ಕಟ್ಟಿದವರು ವಾಲ್ಟರ್ ಕಾಫ್‌ಮನ್. ನಾಜಿಗಳಿಂದ ತಪ್ಪಿಸಿಕೊಂಡು ಮುಂಬಯಿಗೆ ಬಂದ ಯಹೂದಿ ಸಂಗೀತಗಾರ ಅವರು. ಅದನ್ನು ತಿಳಿದ ದಿನದಿಂದ ಆ ರಾಗ ನನಗೆ ಬೇರೆಯಾಗಿಯೇ ಕೇಳುತ್ತದೆ.

ಹೊತ್ತಿಗೆ ತಕ್ಕ ಬ್ಯಾಂಡ್ ಆರಿಸಿಕೊಳ್ಳಬೇಕು. ಹಗಲಿನಲ್ಲಿ ಮೇಲಿನ ಆಕಾಶದ ಅಯಾನುಗೋಳದ ಕೆಳಪದರ ಕಡಿಮೆ ಕಂಪನಾಂಕಗಳನ್ನು ನುಂಗಿಬಿಡುತ್ತದೆ. ಆಗ 19 ಮೀಟರ್, 16 ಮೀಟರ್ ನೋಡಬೇಕು. ಕತ್ತಲಾದರೆ ಆ ಪದರ ಕರಗುತ್ತದೆ, 49 ಮತ್ತು 41 ಮೀಟರ್ ತುಂಬಿಕೊಳ್ಳುತ್ತವೆ.

ಒಮ್ಮೆ ಕಂಪನಾಂಕವನ್ನು ಅಂಕಿಯಲ್ಲಿ ತೋರಿಸುವ ಸಣ್ಣ ರೇಡಿಯೊದಲ್ಲಿ 10,800 ಕಿಲೋಹರ್ಟ್ಸ್ ಆಸುಪಾಸು ಒಂದು ನಿಲಯ ಸಿಕ್ಕಿತು. ಪ್ರಸಾರದ ಬ್ಯಾಂಡ್ ಅಲ್ಲದ ಜಾಗ ಅದು. ಗುಪ್ತ ನಿಲಯವೆಂದೇ ನಂಬಿ ವಾರಗಟ್ಟಲೆ ಪುಸ್ತಕದಲ್ಲಿ ಬರೆದಿಟ್ಟೆ. ಒಂದು ದಿನ 910 ಕಿಲೋಹರ್ಟ್ಸ್‌ನಷ್ಟು ಮೇಲೆ ಹೋಗಿ ನೋಡಿದರೆ ಅದೇ ದನಿ, ಇನ್ನೂ ಗಟ್ಟಿಯಾಗಿ! ಇಂಥ ರೇಡಿಯೊಗಳ ಒಳಗಿನ ಮಧ್ಯಂತರ ಕಂಪನಾಂಕ 455 ಕಿಲೋಹರ್ಟ್ಸ್. ಅದರ ಎರಡರಷ್ಟು ಕೆಳಗೆ ಜೋರಾದ ನಿಲಯದ ನೆರಳು ಬೀಳುತ್ತದೆ. ಈಗ ಹೊಸದೇನಾದರೂ ಸಿಕ್ಕರೆ ಮೊದಲು 910 ಮೇಲೆ ಹೋಗಿ ನೋಡುತ್ತೇನೆ, ಬರೆದುಕೊಳ್ಳುವುದು ಆಮೇಲೆ.

ಏರಿಯಲ್‌ಗೆ ಹದಿನೈದು ಮೀಟರ್ ತಾಮ್ರದ ತಂತಿ ಸಾಕು. ಅಟ್ಟದಿಂದ ಅಡಿಕೆ ಮರಕ್ಕೆ ಬಿಗಿದು ಕಟ್ಟಿದ್ದೆ. ಮಳೆಗಾಲದ ಮೊದಲ ಗಾಳಿಗೇ ಮರ ತೂಗಿ ತಂತಿ ಹರಿಯಿತು. ಈಗ ಮರದ ತುದಿಯಲ್ಲಿ ರಾಟೆ ಹಾಕಿ, ಹಗ್ಗಕ್ಕೆ ಕಲ್ಲು ತೂಗಬಿಟ್ಟಿದ್ದೇನೆ. ಮರ ಬಾಗಿದರೆ ಕಲ್ಲು ಏರುತ್ತದೆ, ತಂತಿ ಉಳಿಯುತ್ತದೆ. ಸಿಡಿಲಿನ ದಿನಗಳಲ್ಲಿ ಮೋಡ ಕಂಡೊಡನೆ ತಂತಿ ಬಿಚ್ಚಿ ಹೊರಗೆ ಹಾಕಿಬಿಡಿ, ಗುಡುಗು ಕೇಳುವವರೆಗೆ ಕಾಯಬೇಡಿ.

ಇಷ್ಟಾದರೂ ಕೆಲವು ವರ್ಷಗಳಿಂದ ಎಲ್ಲ ಬ್ಯಾಂಡಿನಲ್ಲೂ ಒಂದೇ ಸಮನೆ ಗೊರಗೊರ. ರೇಡಿಯೊ ಹಳತಾಯಿತು ಅಂದುಕೊಂಡಿದ್ದೆ. ಒಂದು ರಾತ್ರಿ ಕರೆಂಟು ಹೋಯಿತು, ಗೊರಗೊರ ಆ ಕ್ಷಣವೇ ನಿಂತಿತು. ಕತ್ತಲೆಯಲ್ಲಿ ಒಂದರ ಪಕ್ಕ ಒಂದು ನಿಲಯ, ನನ್ನ ಹುಡುಗುತನದಲ್ಲಿ ಕೇಳುತ್ತಿದ್ದ ಹಾಗೆಯೇ! ಮಾರನೆಯ ದಿನ ಒಂದೊಂದೇ ಸ್ವಿಚ್ ಆರಿಸುತ್ತ ಹುಡುಕಿದೆ. ಮೊಬೈಲ್ ಚಾರ್ಜರ್ ಒಂದು, ದೇವರಮನೆಯ ಎಲ್‌ಇಡಿ ಬಲ್ಬು ಇನ್ನೊಂದು. ಈಗ ನನ್ನ ರೇಡಿಯೊ ನಡೆಯುವುದು ಸೆಲ್ಲಿನ ಮೇಲೆ, ಮನೆಯಿಂದ ದೂರದ ಅಡಿಕೆ ಚಪ್ಪರದಲ್ಲಿ.

2020ರ ಜನವರಿ 31ಕ್ಕೆ ಬಿಬಿಸಿ ಹಿಂದಿಯ ಶಾರ್ಟ್‌ವೇವ್ ಪ್ರಸಾರ ನಿಂತಿತು. ಏಳೂವರೆಯ ಆ ಕಾರ್ಯಕ್ರಮ ನನ್ನ ಸಂಜೆಗಳ ಭಾಗವಾಗಿತ್ತು. ಮರುದಿನ ಏಳು ಇಪ್ಪತ್ತೈದಕ್ಕೆ ಅಭ್ಯಾಸಬಲದಿಂದ ಅದೇ ಜಾಗಕ್ಕೆ ಮುಳ್ಳು ತಂದೆ. ಬರೀ ಗಾಳಿಯ ಸದ್ದು. ಎದ್ದು ಬರಲು ಮನಸ್ಸಾಗದೆ ಕೂತೇ ಇದ್ದೆ. ಸ್ವಲ್ಪ ಹೊತ್ತಿಗೆ ಆ ಸದ್ದಿನ ಅಡಿಯಲ್ಲಿ ಯಾವುದೋ ಹೆಣ್ಣುದನಿ, ಎದ್ದು ಬಿದ್ದು ಬರುತ್ತಿತ್ತು. ಹೆಸರು ಹೇಳುವ ಹೊತ್ತಿಗೆ ಮುಳುಗಿಹೋಯಿತು. ಪುಸ್ತಕದಲ್ಲಿ ಕಂಪನಾಂಕ ಬರೆದು, ಹೆಸರಿನ ಜಾಗ ಖಾಲಿ ಬಿಟ್ಟೆ. ಮಾರನೆಯ ಸಂಜೆ ಏಳು ಇಪ್ಪತ್ತೈದಕ್ಕೆ ಮತ್ತೆ ಹೋಗಿ ಕೂತೆ.